ಕೆಳಗೆ ಯಾರೂ ಇರಲಿಲ್ಲ

ಮನುಷ್ಯನ ಹಣೆಬರಹವನ್ನು ಅವನ ಅಂಗೈ ನೋಡಿ ಹೇಳಬಹುದು ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಉಸ್ತಾದರ ಅಂಗೈಯಲ್ಲಿ ಇದ್ದದ್ದು ಗ್ರೀಸು. ಅದನ್ನು ಓದಲು ಹೋದ ಕೈನೋಡುವವನೊಬ್ಬ ತನ್ನ ಬಿಳಿ ಧೋತರಕ್ಕೆ ಬೆರಳು ಒರೆಸಿಕೊಂಡು, ಭವಿಷ್ಯ ಹೇಳದೆ ಎದ್ದು ಹೋದದ್ದನ್ನು ನಾನೇ ಕಂಡಿದ್ದೇನೆ. ಎಷ್ಟು ತಿಕ್ಕಿ ತೊಳೆದರೂ ಗೆರೆಗಳಲ್ಲಿ ಕಪ್ಪು ಉಳಿಸಿಕೊಂಡ, ಬೆರಳುಗಳು ಎಂದೂ ಪೂರ್ತಿ ನೆಟ್ಟಗಾಗದ, ದೊಡ್ಡ ಬಲಗೈ ಅದು. ಕ್ರೇನಿನ ಲಿವರ್ ಹಿಡಿದು ಹಿಡಿದು ಅದೇ ಅಳತೆಗೆ ಬಾಗಿಬಿಟ್ಟಿತ್ತು. ಊಟ ಮಾಡುವಾಗ, ಸಲಾಮು ಹೇಳುವಾಗ, ಬೆಂಚಿನ ಮೇಲೆ ಅಡ್ಡಾಗಿ ಗೊರಕೆ ಹೊಡೆಯುವಾಗಲೂ ಆ ಕೈಯೊಳಗೆ ಕಣ್ಣಿಗೆ ಕಾಣದ ಲಿವರೊಂದು ಇದ್ದೇ ಇರುತ್ತಿತ್ತು.

ಆ ಕೈಗೆ ಇನ್ನೊಂದು ಚಟ. ಎದುರಿಗೆ ಏನಾದರೂ ತೂಗಾಡಿದರೆ ಸಾಕು, ಅದರ ಬೆನ್ನು ಹತ್ತುತ್ತಿತ್ತು. ರಾಮದುರ್ಗದಿಂದ ಸವದತ್ತಿಗೆ ಬರುವ ಬಸ್ಸಿನಲ್ಲಿ ಯಾರದೋ ಬುತ್ತಿಚೀಲ ಮೇಲಿನ ಕಂಬಿಗೆ ನೇತುಬಿದ್ದು ಓಲಾಡುತ್ತಿದ್ದರೆ, ಉಸ್ತಾದರು ನನ್ನ ಜೊತೆ ಕಬ್ಬಿನ ಬಗ್ಗೆಯೋ ಮಳೆಯ ಬಗ್ಗೆಯೋ ಮಾತಾಡುತ್ತಿರುವಾಗಲೇ ಕೈ ಮೊಣಕಾಲ ಮೇಲೆ ಅತ್ತಿತ್ತ ಸರಿಯುತ್ತ ಆ ಚೀಲವನ್ನು ನಿಲ್ಲಿಸಲು ನೋಡುತ್ತಿತ್ತು. ಒಮ್ಮೆ ಕಂಡಕ್ಟರ್ ಹೆಣ್ಣುಮಗಳು ಕೇಳಿಯೇಬಿಟ್ಟಳು: "ಯಾಕ್ರೀ ಚಾಚಾ, ಕೈಗೆ ಏನಾಗೇತಿ?"

"ಏನಿಲ್ಲ ಬೇಟಾ. ನನಗ ಸೂಟಿ ಐತಿ, ಅದಕ್ಕ ಇಲ್ಲ. ಡ್ಯೂಟಿ ಮಾಡಾಕ ಹತ್ತೈತಿ."

ಸವದತ್ತಿ ಮತ್ತು ರಾಮದುರ್ಗದ ನಡುವಿನ ಗುಡ್ಡಗಳ ಮೇಲೆ ಈಗ ಸಾಲಾಗಿ ನಿಂತು ತಿರುಗುವ, ನಮ್ಮ ಜನ ಸರಳವಾಗಿ ಫ್ಯಾನು ಎಂದು ಕರೆಯುವ ಗಾಳಿಯಂತ್ರಗಳಲ್ಲಿ ಬಹಳಷ್ಟನ್ನು ಎತ್ತಿ ನಿಲ್ಲಿಸಿದವರು ಉಸ್ತಾದರು. ಎಲ್ಲಕ್ಕಿಂತ ಎತ್ತರದ ಕ್ರೇನು ಅವರದು. ಕ್ಯಾಬಿನ್ನಿಗೆ ಹತ್ತುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯುವರು, ಚಪ್ಪಲಿ ಕೆಳಗೇ ಬಿಡುವರು, ಮೀಸೆಯನ್ನು ಕನ್ನಡಿಯಲ್ಲಿ ಒಂದು ಸಲ ವಿಚಾರಿಸಿಕೊಳ್ಳುವರು. ವಿನಯವೆಂಬುದು ಅವರ ಹತ್ತಿರ ಸುಳಿದಿರಲಿಲ್ಲ. "ಈ ಜಿಲ್ಲೇದಾಗ ಇಬ್ಬರ ಮಾತ ಕ್ರೇನಿನ ಕೊಕ್ಕಿ ಕೇಳತೈತಿ," ಎನ್ನುವರು. ಇನ್ನೊಬ್ಬರು ಯಾರು ಎಂದು ಕೇಳಿದರೆ, "ಅಂವಾ ಇನ್ನೂ ಹುಟ್ಟಿಲ್ಲ."

ನಾನು ಅವರು ದುಡಿಯುತ್ತಿದ್ದ ಕಂಪನಿಯಲ್ಲೇ ಸುರಕ್ಷತಾ ಅಧಿಕಾರಿ. ಬೈಲಹೊಂಗಲದವನು, ಅಲ್ಲಿಂದ ದಿನಾ ಗುಡ್ಡಕ್ಕೆ ಹೋಗಿಬರುತ್ತಿದ್ದೆ. ನನ್ನ ಹುದ್ದೆಯ ಘನತೆ ಸಾಮಾನ್ಯದ್ದಲ್ಲ. ಬೆಳಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸುರಕ್ಷತೆಯ ಪ್ರತಿಜ್ಞೆ ಬೋಧಿಸುವುದು, ಹೆಲ್ಮೆಟ್ಟಿನ ಮಹಿಮೆಯನ್ನು ಸಾರುವುದು, ಆಮೇಲೆ ಫೋಟೋ ತೆಗೆಸಿಕೊಂಡು ಮೇಲಿನವರಿಗೆ ಕಳಿಸುವುದು. ಈ ಪ್ರವಚನದ ದೆಸೆಯಿಂದ ಉಸ್ತಾದರು ನನಗೆ ಮಠದ ಸ್ವಾಮಿಗಳಿಗೆ ಸಲ್ಲುವ ಹೆಸರನ್ನೇ ದಯಪಾಲಿಸಿದ್ದರು. "ಅಜ್ಜಾರ, ಇವತ್ತ ಪ್ರವಚನ ಸಣ್ಣದು ಮಾಡ್ರಿ. ಗಾಳಿ ಏಳತೈತಿ," ಎಂದು ಕ್ಯಾಬಿನ್ನಿನಿಂದ ಕೂಗುವರು. ಭಕ್ತರು ನಗುವರು. ನಾನು ಆಶೀರ್ವಾದ ಮಾಡಿ ಮುಗಿಸುವೆ.

ಗಾಳಿಯ ವಿಚಾರದಲ್ಲಿ ನಮ್ಮ ಉದ್ಯೋಗದ ತತ್ವ ಗಹನವಾದದ್ದು. ಗಾಳಿ ಬೇಕು ಎಂದು ಊರೂರು ತಿರುಗಿ ಗುಡ್ಡ ಹುಡುಕುತ್ತೇವೆ. ಗುಡ್ಡ ಸಿಕ್ಕ ಮೇಲೆ ಗಾಳಿ ಯಾವಾಗ ನಿಂತೀತು ಎಂದು ಕಾಯುತ್ತ ಕೂರುತ್ತೇವೆ. ಗಾಳಿ ನಿಲ್ಲದೆ ಫ್ಯಾನಿನ ರೆಕ್ಕೆ ಎತ್ತುವಂತಿಲ್ಲ. ಕಿತ್ತೂರಿನ ಹತ್ತಿರ ಹೆದ್ದಾರಿ ಬಿಟ್ಟು, ಬೈಲಹೊಂಗಲದ ತಿರುವುಗಳಲ್ಲಿ ಊರ ಮಂದಿಯನ್ನೆಲ್ಲ ಮಾಳಿಗೆಗೆ ಹತ್ತಿಸಿ, ಲಾರಿಯ ಮೇಲೆ ಉಸಿರು ಬಿಗಿಹಿಡಿದು ಬರುವ ಆ ಉದ್ದನೆಯ ರೆಕ್ಕೆ ನೆಲದ ಮೇಲೆ ಮಲಗಿದ್ದಾಗ ಸಾಧು. ಕೊಕ್ಕೆಗೆ ನೇತುಬಿದ್ದ ಕ್ಷಣದಿಂದ ಅದು ಗಾಳಿಯ ಸ್ವತ್ತು. ಅದು ತಿರುಗದಂತೆ ಎರಡೂ ತುದಿಗೆ ಹಗ್ಗ ಕಟ್ಟಿ, ಆ ಹಗ್ಗಗಳನ್ನು ಕೆಳಗೆ ಮನುಷ್ಯರು ಹಿಡಿದು ನಿಲ್ಲುತ್ತಾರೆ. ರೆಕ್ಕೆ ಏರಿದಂತೆ ಇವರು ಹೊಲ, ಕಲ್ಲು, ಮುಳ್ಳು ನೋಡದೆ ಹಿಂದೆ ಮುಂದೆ ಓಡುತ್ತಾರೆ.

ಹಗ್ಗ ಹಿಡಿಯುವವರು ಸುರೇಬಾನದ ಕಡೆಯವರು. ಕಂಪನಿ ಅವರನ್ನು ಆರಿಸಿದ್ದು ಬಹಳ ಯೋಚಿಸಿ, ಮತ್ತು ತಪ್ಪು ಕಾರಣಕ್ಕೆ. ಕಾರಹುಣ್ಣಿಮೆಯಲ್ಲಿ ಹೋರಿಗಳನ್ನು ಓಡಿಸಿ ಕರಿ ಹರಿಯುವಾಗ ಅವುಗಳ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಎಳೆದೊಯ್ದರೂ ಬಿಡದೆ ನಿಂತ ಗಂಡಸರು ಅವರು. ಅಲ್ಲಿ ಹಗ್ಗ ಬಿಟ್ಟವನಿಗೆ ಮುಂದಿನ ಕಾರಹುಣ್ಣಿಮೆಯವರೆಗೆ ಮುಖ ಎತ್ತಿ ತಿರುಗುವ ಯೋಗವಿಲ್ಲ. ಗುಡ್ಡದ ಮೇಲೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಜೋರಾಗಿ ಎಳೆದರೆ ತಕ್ಷಣ ಬಿಡುವವನು. ಇದನ್ನು ನಾನು ದಿನವೂ ಬೋಧಿಸಿದೆ. ನನ್ನ ಪ್ರವಚನ ಕೇಳಿ ಒಬ್ಬನಾದರೂ ಹಗ್ಗ ಬಿಟ್ಟ ದಾಖಲೆಯಿಲ್ಲ.

ಅವರ ಮುಂದಾಳು ಉಸ್ತಾದರ ಸ್ವಂತ ತಮ್ಮ. ಸುರೇಬಾನದಲ್ಲಿ ಮಾವನ ಮನೆಯ ಹೊಲ ಮಾಡಿಕೊಂಡಿದ್ದವನು, ಅಣ್ಣನಂತೆಯೇ ಜಂಬದವನು. ಅಣ್ಣ ಮೇಲೆ, ತಮ್ಮ ಕೆಳಗೆ. ಇಬ್ಬರೂ ವಾಕಿಟಾಕಿ ಮುಟ್ಟುತ್ತಿರಲಿಲ್ಲ. ತಮ್ಮ ಕೈ ಎತ್ತಿದರೆ ಏರಿಸು, ಅಂಗೈ ಚಪ್ಪಟೆ ಮಾಡಿದರೆ ನಿಲ್ಲಿಸು. "ಹುಟ್ಟಿದಾಗಿಂದ ಜಗಳಾಡೇವಿ. ಅಂವನ ಕೈ ನನಗ ತಿಳೀತೈತಿ," ಎನ್ನುತ್ತಿದ್ದರು ಉಸ್ತಾದರು.

ಒಂದು ಬೆಳಗ್ಗೆ ರೆಕ್ಕೆ ಅರ್ಧ ಏರಿದ್ದಾಗ ಕೊಳ್ಳದ ಕಡೆಯಿಂದ ಗಾಳಿ ಹೇಳದೆ ಕೇಳದೆ ಎದ್ದಿತು. ರೆಕ್ಕೆ ತಿರುಗಿತು. ಉಸ್ತಾದರು ಹಾರ್ನ್ ಒತ್ತಿ ಹಿಡಿದು ಗಾಜಿನ ಹಿಂದಿನಿಂದ ಕೂಗಿದರು: "ಬಿಡೋ! ಹಗ್ಗ ಬಿಡೋ!" ಉಳಿದವರೆಲ್ಲ ಬಿಟ್ಟರು. ತಮ್ಮ ಬಿಡಲಿಲ್ಲ. ಬಿಡಬೇಕೆಂದು ಮನಸ್ಸಾಗಿದ್ದರೂ ಬರುತ್ತಿರಲಿಲ್ಲ, ಹಗ್ಗ ಮಣಿಕಟ್ಟಿಗೆ ಸುತ್ತಿತ್ತು. ರೆಕ್ಕೆ ಅವನನ್ನು ಆಳೆತ್ತರಕ್ಕೂ ಮೇಲೆ ಎತ್ತಿ ಒಯ್ದು ಬಂಡೆಯ ಮೇಲೆ ಕೆಡವಿತು.

ಜೀವ ಉಳಿಯಿತು. ಬಲಗೈ ಉಳಿದೂ ಉಳಿಯದಂತಾಯಿತು, ನಡೆಯಲು ಕೋಲು ಬಂತು. ಬೆಳಗಾವಿಯ ದವಾಖಾನೆಯಲ್ಲಿ ಎಚ್ಚರವಾದಾಗ ತಮ್ಮ ಆಡಿದ ಮೊದಲ ಮಾತು, "ನಾ ಬಿಡಲಿಲ್ಲ, ನೋಡಿದ್ಯೋ ಇಲ್ಲೋ ಅಣ್ಣಾ?"

"ನೋಡೇನೋ ಹುಚ್ಚಾ," ಎಂದರು ಉಸ್ತಾದರು. "ಮ್ಯಾಲಿಂದ ಎಲ್ಲಾ ಕಾಣತೈತಿ."

ಆಮೇಲೂ ಉಸ್ತಾದರ ಜಂಬದ ಮಾತುಗಳು ನಿಲ್ಲಲಿಲ್ಲ. ಆದರೆ ನಡುವೆ ಒಂದು ಹೊಸ ಪ್ರಶ್ನೆ ಬರತೊಡಗಿತು. ಚಹಾ ಕುಡಿಯುವಾಗ, ಗಾಳಿಗೆ ಕಾಯುವಾಗ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ಅದೇ: "ಅಜ್ಜಾರ, ಕೆಳಗ ಮಂದಿ ಇಲ್ಲದ ಎತ್ತಾಕ ಬರೂದಿಲ್ಲೇನ್ರಿ?" ನಾನು ಪುಸ್ತಕಗಳಲ್ಲಿ ಓದಿದ್ದನ್ನು ಹೇಳಿದೆ. ಹೊರದೇಶಗಳಲ್ಲಿ ಸಮುದ್ರದ ನಡುವೆ ಹಡಗಿನ ಮೇಲೆ ಕ್ರೇನ್ ನಿಲ್ಲಿಸಿ ಇಂಥ ಫ್ಯಾನುಗಳನ್ನೇ ಏರಿಸುತ್ತಾರೆ. ಅಲ್ಲಿ ಗಾಳಿಯ ಜೊತೆ ಅಲೆಯೂ ಸೇರಿ ಹಡಗೇ ತೂಗುತ್ತದೆ, ಓಡಾಡಲು ಹೊಲವಿಲ್ಲ. ಅದಕ್ಕೆ ಕ್ರೇನಿನ ಉದ್ದನೆಯ ತೋಳು, ಬೂಮು ಎನ್ನುತ್ತಾರಲ್ಲ, ಅದರಿಂದಲೇ ಎರಡು ಹಗ್ಗ ಇಳಿಸಿ, ಅವನ್ನು ಹಿಡಿಯುವ ಕೆಲಸವನ್ನು ಸಣ್ಣ ಮೋಟರುಗಳಿಗೆ ಕೊಡುತ್ತಿದ್ದಾರೆ. ರೆಕ್ಕೆ ಇಷ್ಟು ಹೊರಳಿತು, ಹಡಗು ಅಷ್ಟು ಏರಿತು ಎಂದು ಅಳೆಯುವ ಕಣ್ಣೊಂದು ಇರುತ್ತದೆ. ಅದು ಹೇಳಿದಂತೆ ಮೋಟರು ಹಗ್ಗವನ್ನು ಬಿಗಿ ಮಾಡುತ್ತದೆ, ಸಡಿಲ ಮಾಡುತ್ತದೆ, ಮನುಷ್ಯ ಕಣ್ಣು ಮಿಟುಕಿಸುವುದರೊಳಗೆ.

ಉಸ್ತಾದರು, "ಅದಕ್ಕ ಮಾನಾ ಮರ್ಯಾದಿ ಇಲ್ಲ ಅಂದಂಗಾತು," ಎಂದರು. "ಬಿಡಂದ್ರ ಬಿಡತೈತಿ."

ಅವರ ಅದೃಷ್ಟವೋ ಏನೋ, ಅಂಥದ್ದೇ ಒಂದು ಯಂತ್ರ ನಮ್ಮ ಗುಡ್ಡಕ್ಕೇ ಬಂತು. ಕಂಪನಿಗೆ ಹೊರದೇಶದ ಸಮುದ್ರದಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಹೋಗಿ ಎಡವುವ ಮೊದಲು ಇಲ್ಲಿ ಎಡವಿ ನೋಡೋಣವೆಂದು ಮೇಲಿನವರು ತೀರ್ಮಾನಿಸಿದ್ದರು. ಗುಡ್ಡಕ್ಕೆ ಅಲೆ ಇಲ್ಲ, ನಿಜ. ಅದನ್ನು ಕಂಪ್ಯೂಟರಿನಲ್ಲಿ ಬೇಕಾದಷ್ಟು ಎಬ್ಬಿಸಬಹುದಂತೆ. ಗಾಳಿಯನ್ನು ಮಾತ್ರ ನಾವೇ ಒದಗಿಸಬೇಕು, ಅದಕ್ಕೆ ಸವದತ್ತಿಯಲ್ಲಿ ಬರವಿಲ್ಲ. ಯಂತ್ರದ ಜೊತೆ ಧಾರವಾಡದ ಕಡೆಯ ಒಬ್ಬ ಇಂಜಿನಿಯರ್ ಹುಡುಗಿಯೂ ಬಂದಳು. ಈ ಪರೀಕ್ಷೆಯಲ್ಲಿ ಕ್ರೇನು ನಡೆಸಿದವರೇ ಮುಂದೆ ಹಡಗಿಗೆ ಹೋಗುವುದು ಎಂದು ಗೊತ್ತಾದ ದಿನ ಉಸ್ತಾದರು ಮೀಸೆಗೆ ಬಣ್ಣ ಹಚ್ಚಿಸಿಕೊಂಡು ಬಂದರು. ಹಡಗಿನ ಮೇಲಿಂದ, ಕೆಳಗೆ ಒಬ್ಬನೂ ಇಲ್ಲದೆ, ಒಂದೇ ಒಂದು ರೆಕ್ಕೆ ಏರಿಸಿ ಬರಬೇಕು. ಬಂದು ಇದೇ ಯಂತ್ರವನ್ನು ಗುಡ್ಡದ ಕ್ರೇನುಗಳಿಗೂ ಹಾಕಿಸಬೇಕು. ಅವರ ಆಸೆ ಇಷ್ಟೇ, ಎರಡು ವಾಕ್ಯದ್ದು.

ಬೇರೆ ಕ್ರೇನ್ ಚಾಲಕರಿಗೆ ಇದು ಸೇರಲಿಲ್ಲ. "ಉಸ್ತಾದ, ನಿಮ್ಮ ಕುಣಿ ನೀವ ತೋಡಾಕ ಹತ್ತೀರಲ್ರಿ," ಎಂದ ಒಬ್ಬ.

"ನನ್ನ ಕುಣಿ ನಾ ತೋಡತೇನೋ ತಮ್ಮಾ. ಮಂದೀ ಕುಣಿ ತೋಡೂದು ಸಾಕಾಗೇತಿ."

ಸಮುದ್ರವನ್ನು ಅವರು ಕಂಡವರಲ್ಲ. ಅವರು ಕಂಡ ಅತಿ ದೊಡ್ಡ ನೀರು ಸವದತ್ತಿಯ ಹತ್ತಿರದ ಮಲಪ್ರಭಾ ಆಣೆಕಟ್ಟಿನ ಹಿನ್ನೀರು. ತಯಾರಿಗೆ ಅದೇ ಸಾಕೆಂದು ಒಂದು ಸೂಟಿಯ ದಿನ ನನ್ನನ್ನೂ ಎಳೆದುಕೊಂಡು ಹೋದರು. ಮೀನುಗಾರನೊಬ್ಬನ ಹರಿಗೋಲಿನಲ್ಲಿ ಕೂತು, ಒಂದು ಕೋಲಿಗೆ ತಮ್ಮ ಊಟದ ಡಬ್ಬಿ ತೂಗುಬಿಟ್ಟು, ಅದು ಓಲಾಡುವುದನ್ನು ಅಧ್ಯಯನ ಮಾಡುವುದು ಯೋಜನೆ. ನಾನು ಸುರಕ್ಷತಾ ಅಧಿಕಾರಿಗೆ ತಕ್ಕಂತೆ ದಂಡೆಯ ಮೇಲೇ ಉಳಿದೆ. ಗಾಳಿ ಇತ್ತು, ಅಲೆ ಇತ್ತು, ಹರಿಗೋಲು ಗಿರಗಿರನೆ ತಿರುಗಿತು. ಸ್ವಲ್ಪ ಹೊತ್ತಿಗೆ ಅಧ್ಯಯನ ನಿಂತು ವಾಂತಿ ಶುರುವಾಯಿತು. ಮೀನುಗಾರ ಅವರನ್ನು ತೋಳು ಹಿಡಿದು ದಂಡೆಗೆ ತಂದ. ಮುಖ ಸುಣ್ಣದ ಹಾಗಾಗಿತ್ತು. ಕೂತು, ಉಸಿರು ತಗೊಂಡು, ನೀರನ್ನು ದಿಟ್ಟಿಸಿ ತೀರ್ಪು ಕೊಟ್ಟರು: "ಅಜ್ಜಾರ, ಗಾಳಿ ಬಗ್ಗೆ ನಾ ಸುಮ್ಮನ ಬೈದ್ನಿ. ನೀರು ಅದಕ್ಕಿಂತ ಬೆರಕಿ ಐತ್ರಿ."

ಪರೀಕ್ಷೆಯ ವಾರಗಳಲ್ಲಿ ಅವರಷ್ಟು ವಿಧೇಯ ವಿದ್ಯಾರ್ಥಿಯನ್ನು ನಾನು ನೋಡಿಲ್ಲ. ಇಂಜಿನಿಯರ್ ಹುಡುಗಿಯ ಪಾಠ ಒಂದೇ. ಕ್ಯಾಬಿನ್ನಿನಲ್ಲಿ ಒಂದು ಹಸಿರು ದೀಪವಿದೆ. ಅದು ಉರಿಯುತ್ತಿದ್ದರೆ ಯಂತ್ರ ರೆಕ್ಕೆಯನ್ನು ಹಿಡಿದುಕೊಂಡಿದೆ ಎಂದರ್ಥ. ಆಗ ಗಾಳಿ ಬೀಸಿದರೆ ಚಾಲಕ ಲಿವರಿನಿಂದ ಕೈ ತೆಗೆಯಬೇಕು. ಯಾಕೆಂದರೆ ಹಳೆಯ ಚಾಲಕರು ಹೊರೆ ತೂಗಾಡಿದಾಗ ಬೂಮನ್ನು ಅದರ ಹಿಂದೆಯೇ ಸರಿಸಿ ಹಿಡಿಯುತ್ತಾರೆ. ಯಂತ್ರವೂ ಅದನ್ನೇ ತನ್ನ ರೀತಿಯಲ್ಲಿ ಮಾಡುತ್ತಿರುತ್ತದೆ. ಇಬ್ಬರೂ ಒಟ್ಟಿಗೆ ಹಿಡಿಯಹೋದರೆ ತೂಗಾಟ ಇಳಿಯುವುದಿಲ್ಲ, ಇಮ್ಮಡಿಯಾಗುತ್ತದೆ. ಒಂದು ಕೂಸನ್ನು ಇಬ್ಬರು ಎಳೆದಂತೆ.

"ಅಂದ್ರ ನಾ ಏನ ಮಾಡ್ಬೇಕು ಬೇಟಾ?"

"ಏನೂ ಮಾಡಬ್ಯಾಡ್ರಿ ಉಸ್ತಾದ. ಸುಮ್ನ ಕೂಡ್ರಿ."

"ಇದನ್ನ ಮಾಡಾಕ ನನ್ನ ಹೇಣ್ತಿ ಮೂವತ್ತ ವರ್ಷದಿಂದ ಹೇಳಾಕ ಹತ್ಯಾಳ," ಎಂದರು.

ಆದರೆ ಕೂತರು. ನಮಾಜಿನಲ್ಲಿ ಕೂತಂತೆ ಎರಡೂ ಅಂಗೈ ತೊಡೆಯ ಮೇಲಿಟ್ಟು, ಕಣ್ಣು ದೀಪದ ಮೇಲಿಟ್ಟು. ಗಾಳಿ ಬೀಸುವುದು, ಮೋಟರು ಗುಂಯ್ ಎನ್ನುವುದು, ರೆಕ್ಕೆ ತಾನು ಎಲ್ಲಿತ್ತೋ ಅಲ್ಲೇ ನಿಲ್ಲುವುದು. ಕೆಳಗೆ ನೆಲ ಖಾಲಿ. ಸುರೇಬಾನದವರು ದೂರದ ಬೇವಿನ ಮರದ ನೆರಳಲ್ಲಿ ಕೂತು, ತಮ್ಮ ಕೆಲಸವನ್ನು ಯಾರೋ ಕಾಣದವನು ಮಾಡುತ್ತಿರುವುದನ್ನು ಬೀಡಿ ಸೇದುತ್ತ ನೋಡುತ್ತಿದ್ದರು. ಉಸ್ತಾದರು ಕೆಳಗಿಳಿದು ಬಂದಾಗಲೆಲ್ಲ ಆ ಖಾಲಿ ನೆಲದ ಮೇಲೆ ಒಂದು ಸುತ್ತು ತಿರುಗಾಡಿ ಬರುತ್ತಿದ್ದರು.

ಕೊನೆಯ ದಿನ ದೊಡ್ಡವರು ಬಂದರು. ಹೊಸ ಹೆಲ್ಮೆಟ್ಟು, ಹೊಸ ಬೂಟು, ಶಾಮಿಯಾನ, ಉಪ್ಪಿಟ್ಟು. ನನ್ನ ಪ್ರವಚನವೂ ಅಂದು ಇಂಗ್ಲಿಷಿನಲ್ಲಿ ಆಯಿತು. ರೆಕ್ಕೆ ಏರಿತು, ಗೋಪುರದ ತಲೆಯ ಹತ್ತಿರ ಬಂತು. ಬೋಲ್ಟುಗಳು ರಂಧ್ರಗಳೊಳಗೆ ಕೂರಲು ಇನ್ನೇನು ಗೇಣು ದೂರ. ಆಗ ಕೊಳ್ಳದ ಕಡೆಯಿಂದ ಗಾಳಿ ಬಂತು. ತಮ್ಮನನ್ನು ಎತ್ತಿ ಒಯ್ದದ್ದು ಅದೇ ಕಡೆಯ ಗಾಳಿ. ರೆಕ್ಕೆ ಒಂದಿಷ್ಟು ಹೊರಳಿತು, ಮೋಟರು ಎಳೆದು ಹಿಡಿಯಿತು, ಇನ್ನೊಂದು ಕ್ಷಣದಲ್ಲಿ ನಿಲ್ಲುವುದಿತ್ತು. ಅಷ್ಟರಲ್ಲಿ ಬೂಮು ಸರಿಯಿತು. ನಾನು ಕ್ಯಾಬಿನ್ನಿನ ಕಡೆ ನೋಡಿದೆ. ಎಡಗೈ ತೊಡೆಯ ಮೇಲೇ ಇತ್ತು. ಬಲಗೈ ಹೊರಟುಹೋಗಿತ್ತು.

ಕೂಸನ್ನು ಇಬ್ಬರು ಎಳೆದರು. ರೆಕ್ಕೆಯ ಬುಡ ಗೋಪುರದ ಅಂಚಿಗೆ ಬಡಿಯಿತು. ಆ ಸದ್ದು ಗುಡ್ಡದ ಆಚೆಗೂ ಕೇಳಿಸಿತಂತೆ. ಒಡೆದ ಚೂರುಗಳು ಕೆಳಗಿನ ನೆಲದ ಮೇಲೆ, ಹಿಂದೆಲ್ಲ ಹಗ್ಗದವರು ನಿಲ್ಲುತ್ತಿದ್ದ ಜಾಗದಲ್ಲೇ, ಸುರಿದವು.

ಉಸ್ತಾದರು ರೆಕ್ಕೆಯನ್ನು ನಿಧಾನವಾಗಿ ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಇಳಿದು ಬಂದರು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲೇ ನಡೆದು ಚೂರುಗಳ ನಡುವೆ ನಿಂತರು. ಇಂಜಿನಿಯರ್ ಹುಡುಗಿ ಓಡಿ ಬಂದಳು. ಅವಳ ಕಣ್ಣಲ್ಲಿ ನೀರಿತ್ತು.

"ಕೈ ಯಾಕ ಹೋತ್ರಿ ಉಸ್ತಾದ? ಎಷ್ಟ ಛಲೋ ಕೂತಿದ್ರಿ!"

"ನೀ ನನಗ ಹೇಳಿದ್ದಿ ಬೇಟಾ. ಕೈಗೆ ಯಾರೂ ಹೇಳಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ದುಃಖವೂ ಅಲ್ಲದ, ಸಂತೋಷವೂ ಅಲ್ಲದ ಏನೋ. "ಆದ್ರ ನೋಡ್ರಿ ಅಜ್ಜಾರ, ಕೆಳಗ ಯಾರೂ ಇರಲಿಲ್ಲ."

ವಿಚಾರಣೆ ಮರುದಿನ ಸೈಟ್ ಆಫೀಸಿನಲ್ಲಿ. ದೊಡ್ಡವರು ಬರುವ ಮೊದಲು ಮ್ಯಾನೇಜರು ಉಸ್ತಾದರನ್ನೂ ನನ್ನನ್ನೂ ಒಳಗೆ ಕರೆದು ಬಾಗಿಲು ಹಾಕಿದರು. ಒಳ್ಳೆಯ ಮನುಷ್ಯರೇ. ಉಸ್ತಾದರ ಮೇಲೆ ಅವರಿಗೆ ಪ್ರೀತಿಯಿತ್ತು. ಯಂತ್ರ ಕೆಲಸ ಮಾಡುತ್ತಿತ್ತೆಂದು ಕಂಪ್ಯೂಟರು ಸಾಕ್ಷಿ ಹೇಳುತ್ತಿತ್ತು. ಆದರೆ ಅದನ್ನು ತಿಳಿಸುವ ದೀಪ ಕ್ಯಾಬಿನ್ನಿನಲ್ಲಿ ಆ ಹೊತ್ತಿಗೆ ಉರಿಯುತ್ತಿತ್ತೋ ಇಲ್ಲವೋ ಬಲ್ಲವರು ಒಬ್ಬರೇ.

"ಉಸ್ತಾದ, ದೀಪ ಆರಿತ್ತು ಅಂತ ಹೇಳ್ರಿ. ಅಷ್ಟ ಸಾಕು. ದೀಪ ಅಂದಮ್ಯಾಲೆ ಆರತಾವು."

"ಹತ್ತಿತ್ರಿ ಸಾಹೇಬ್ರ."

"ನಾ ಹೇಳೂದು ಕೇಳ್ರಿ. ಹತ್ತಿತ್ತು ಅಂದ್ರ ನಿಮ್ಮನ್ನ ಹಡಗಕ್ಕ ಕಳಸಾಕ ನನ್ನ ಕೈಲೆ ಆಗೂದಿಲ್ಲ."

ಉಸ್ತಾದರು ಮೀಸೆ ನೀವಿಕೊಂಡರು. "ಆರಿತ್ತು ಅಂದ್ರ ಮಿಶಿನ್ ಖರಾಬ್ ಅಂತ ಬರೀತಾರ, ಅದು ಹೋಗೂದಿಲ್ಲ. ಹತ್ತಿತ್ತು ಅಂದ್ರ ನಾ ಹೋಗೂದಿಲ್ಲ. ಇಬ್ಬರಾಗ ಯಾರ ಹೋಗ್ಬೇಕು, ನೀವ ಹೇಳ್ರಿ."

ಮ್ಯಾನೇಜರು ನನ್ನ ಕಡೆ ನೋಡಿದರು. ಸುರಕ್ಷತೆಯ ಕುರಿತು ಇಷ್ಟು ಚಿಕ್ಕ ಪ್ರವಚನ ನಾನು ಎಂದೂ ಮಾಡಿರಲಿಲ್ಲ. ಎದ್ದು, ಮುಚ್ಚಿದ್ದ ಬಾಗಿಲು ತೆರೆದೆ.

ದೊಡ್ಡವರ ಮುಂದೆ ಉಸ್ತಾದರು, ದೀಪ ಹತ್ತಿತ್ತು, ಯಂತ್ರ ಸರಿ ಇತ್ತು, ತಪ್ಪು ತನ್ನ ಕೈಯದು ಎಂದು ಹೇಳಿ ಎದ್ದು ಬಂದರು. ಯಂತ್ರ ಪಾಸಾಯಿತು. ಹಡಗಿಗೆ ಹಳೆಯ ಕ್ರೇನನ್ನು ಎಂದೂ ನಡೆಸದ, ಕೈಗೆ ಇನ್ನೂ ಯಾವ ಚಟವೂ ಅಂಟದ ಹೊಸ ಚಾಲಕರನ್ನು ಆರಿಸಬೇಕೆಂದು ತೀರ್ಮಾನವಾಯಿತು. ಉಸ್ತಾದರಿಗೆ ತರಬೇತುದಾರರೆಂಬ ಪದವಿ ಕೊಟ್ಟು ಉಗ್ರಾಣದ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿದರು. ಸ್ವಲ್ಪ ದಿನ ಕೂತರು. ತರಬೇತಿಗೆ ಯಾರೂ ಬರಲಿಲ್ಲ. ಆಮೇಲೆ ಅವರೂ ಬರಲಿಲ್ಲ.

ರಾಮದುರ್ಗದಲ್ಲಿ ಅವರ ಮನೆಯ ಎದುರು ತಮ್ಮ ಈಗ ಚಹಾದಂಗಡಿ ಇಟ್ಟಿದ್ದ. ನಾನು ನೋಡಲು ಹೋದ ದಿನ ಅವನು ಎಡಗೈಯಲ್ಲಿ ಚಹಾ ಸೋಸುತ್ತ, ಅಣ್ಣನಿಗೆ ಕೇಳಲೆಂದೇ ನನಗೆ ಹೇಳಿದ: "ನೋಡ್ರಿ ಸಾಹೇಬ್ರ, ನಾ ಹಗ್ಗ ಬಿಡಲಿಲ್ಲ, ಕೈ ಹೋತು. ಇಂವಾ ಲಿವರ್ ಬಿಡಲಿಲ್ಲ, ಹಡಗ ಹೋತು. ನಮ್ಮ ಮನಿತನಾನ ಹಿಂತಾದ್ದು. ಬಿಡೂದ ಗೊತ್ತಿಲ್ಲ."

"ಬಾಯಿ ಬಿಡೂದು ಗೊತ್ತೈತಲ್ಲೋ ನಿನಗ," ಎಂದರು ಉಸ್ತಾದರು. ಇಬ್ಬರೂ ನಕ್ಕರು. ನಾನೂ ನಕ್ಕೆ.

ಬಹಳ ವರ್ಷಗಳಿಂದ ಇದ್ದ ಸಕ್ಕರೆ ಕಾಯಿಲೆ ಅಷ್ಟರಲ್ಲಿ ಉಸ್ತಾದರ ಮೂತ್ರಪಿಂಡವನ್ನು ತಿಂದಿತ್ತು. ಹಾಸಿಗೆ ಹಿಡಿದ ಮೇಲೆ ಒಂದು ದಿನ ಇಂಜಿನಿಯರ್ ಹುಡುಗಿ ಹಡಗಿನಿಂದ ನನ್ನ ಮೊಬೈಲಿಗೆ ವಿಡಿಯೋ ಕಳಿಸಿದಳು. ಉಸ್ತಾದರಿಗೆ ತೋರಿಸಿ ಎಂದು ಬರೆದಿದ್ದಳು. ನಾನು ರಾಮದುರ್ಗಕ್ಕೆ ಹೋಗಿ ಅವರ ಕಣ್ಣೆದುರು ಹಿಡಿದೆ. ಬೂದು ಸಮುದ್ರ, ಬೂದು ಆಕಾಶ, ನಡುವೆ ಬಿಳಿ ರೆಕ್ಕೆ ಏರುತ್ತಿತ್ತು. ತಮ್ಮ, "ಎಷ್ಟ ನೆಟ್ಟಗ ಹೋಗಾಕ ಹತ್ತೈತಿ ನೋಡಣ್ಣಾ," ಎಂದ. ಉಸ್ತಾದರು ಅದನ್ನು ನೋಡಲೇ ಇಲ್ಲ.

"ಮ್ಯಾಲಿಂದು ಬ್ಯಾಡ್ರಿ ಅಜ್ಜಾರ. ಕೆಳಗಿಂದು ತೋರಸ್ರಿ."

ಚಿತ್ರ ಹಿಗ್ಗಿಸಿ ಹಡಗಿನ ಅಟ್ಟವನ್ನು ತೋರಿಸಿದೆ. ಒದ್ದೆಯಾದ ಕಬ್ಬಿಣದ ನೆಲ, ಈ ತುದಿಯಿಂದ ಆ ತುದಿಯವರೆಗೆ ಖಾಲಿ. ಒಂದು ಬಿಳಿ ಹಕ್ಕಿ ಮಾತ್ರ ಕೂತಿತ್ತು.

"ಅದಕ್ಕೊಂದು ಹೆಲ್ಮೆಟ್ ಕೊಡ್ರಿ," ಎಂದರು. ಇನ್ನೊಮ್ಮೆ ನೋಡಿದರು. ಆಮೇಲೆ ಕೇಳಿದರು: "ನಮ್ಮ ಗುಡ್ಡಕ್ಕ ಯಾವಾಗ ಹಾಕತಾರಂತ?"

"ಮುಂದಿನ ಸಲ ಅಂದಾರ್ರಿ ಉಸ್ತಾದ," ಎಂದೆ. ಮ್ಯಾನೇಜರು ಹಾಗೆ ಅಂದದ್ದು ನಿಜ. ನಾನು ಅವರನ್ನು ಕೇಳುತ್ತಲೇ ಇದ್ದೆ, ಅವರು ಮೇಲಿನವರನ್ನು ಕೇಳುತ್ತಲೇ ಇದ್ದರು. ಮೇಲಿನಿಂದ ಬಂದ ಉತ್ತರ ಮಾತ್ರ ಬೇರೆ. ಸಮುದ್ರದ ನಡುವೆ ಹಗ್ಗ ಹಿಡಿಯಲು ಆಳು ಸಿಗುವುದಿಲ್ಲ, ಗುಡ್ಡದ ಮೇಲೆ ಸಿಗುತ್ತಾರೆ.

ಆ ಉತ್ತರವನ್ನು ಅವರಿಗೆ ಹೇಳುವ ಪ್ರಸಂಗ ನನಗೆ ಬರಲಿಲ್ಲ. ಉಸ್ತಾದರು ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಹಗ್ಗದವರೆಲ್ಲ ಸುರೇಬಾನದಿಂದ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಬಂದಿದ್ದರು.

ಅವರು ಅಂದು ಬಂದದ್ದು ಒಂದು ದಿನದ ಸೂಟಿ ಹಾಕಿ. ಮರುದಿನ ಸವದತ್ತಿಯ ಗುಡ್ಡದಲ್ಲಿ ಎರಡು ರೆಕ್ಕೆ ಏರಿಸುವುದಿತ್ತು. ಏರಿಸಿದರು. ಹಗ್ಗ ಹಿಡಿದವರು ಅವರೇ.